ದಾರಿ ಕೊಟ್ಟ ಕೈ

ಮೇ 9, 1994, ಸೋಮವಾರ

ಯಾರು ಈ ಪುಸ್ತಕ ತೆರೆದವರು? ನಾಚಿಕೆಯಿಲ್ಲವೇ? ಬೇರೆಯವರ ಗಡಿಗೆಯ ಮುಚ್ಚಳ ಎತ್ತಬಾರದೆಂದು ಹೆತ್ತವಳು ಹೇಳಿಕೊಡಲಿಲ್ಲವೇ? ಸಿಪಾಯಿಯಾಗಿದ್ದರೆ ಮೊದಲು ಕೈ ತೊಳೆದುಕೊಂಡು ಬಾ, ನನ್ನ ಹುಂಜ ತಿಂದ ಜಿಡ್ಡು ಇನ್ನೂ ಬೆರಳಿನಲ್ಲಿರುತ್ತದೆ. ಪಕ್ಕದ ಮನೆಯ ಲೆಡೂಮ್ ಆಗಿದ್ದರೆ ಸುಮ್ಮನೆ ಮುಚ್ಚು. ನಿನಗೆ ಓದಲು ಬಾರದು, ಇದರಲ್ಲಿ ಚಿತ್ರಗಳೂ ಇಲ್ಲ.

ಇದು ನನ್ನ ಮೊಮ್ಮಗಳು ಬಾರಿಸುವಾಳ ಪುಸ್ತಕ. ಮೊದಲ ಆರು ಹಾಳೆಗಳಲ್ಲಿ ಅವಳು ಶಾಲೆಯ ಮಕ್ಕಳಿಗೆ ಕೊಡುವ ಲೆಕ್ಕಗಳಿವೆ. ಉಳಿದದ್ದು ಖಾಲಿ. ಖಾಲಿ ಬಿಟ್ಟರೆ ಗೆದ್ದಲು ತಿನ್ನುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ, ಬೈಯಲು ಮನೆಯಲ್ಲಿ ಯಾರೂ ಉಳಿದಿಲ್ಲ.

ಶನಿವಾರ ಬೆಳಗ್ಗೆ ಸಿಪಾಯಿಗಳು ಶಾಲೆಗೇ ಬಂದು ಅವಳನ್ನು ಹಿಡಿದುಕೊಂಡು ಹೋದರು. ಜೊತೆಗೆ ಲೆಡೂಮಳ ಮಗ ಡೀಕೊರ್, ಇನ್ನೂ ಮೂವರು. ಮಾಡಿದ ತಪ್ಪೇನು? ಹಸಿರು ಕೊಂಬೆ ಹಿಡಿದು ಇನ್ನೂರು ಜನ ನೆಲದೆಣ್ಣೆ ತೆಗೆಯುವ ಕಂಪನಿಯ ಬೇಲಿಯವರೆಗೆ ನಡೆದು, ಕೊಳವೆಯಿಂದ ಸೋರಿದ ಎಣ್ಣೆಯನ್ನು ಬಳಿದುಕೊಂಡು ಹೋಗಿ ಎಂದು ಕೇಳಿದರು. ಒಂದು ಕಲ್ಲು ಎತ್ತಲಿಲ್ಲ, ಒಂದು ಬೈಗುಳ ಆಡಲಿಲ್ಲ. ಬೈಗುಳಕ್ಕಾದರೂ ನನ್ನನ್ನು ಕರೆಯಬಹುದಿತ್ತು.

ಕರೆದಿದ್ದಳು, ಸುಳ್ಳೇಕೆ. "ಅಜ್ಜಿ, ನೀನೂ ಒಂದು ಕೊಂಬೆ ಹಿಡ್ಕೊಂಡು ಬಾ" ಎಂದಳು. "ಸೊಪ್ಪು ತೋರಿಸಿದ್ರೆ ಆಡಾದ್ರೂ ಹತ್ರ ಬರ್ತದೆ. ಕಂಪನಿ ಏನು ಮೇಯ್ತದೆ ಅಂತ ನಿಂಗೆ ಗೊತ್ತಿಲ್ಲ, ಹೋಗೇ" ಎಂದೆ. ಅದೇ ಕೊನೆಯ ಮಾತು. ಅವಳು ನಕ್ಕು ಹೋದಳು.

ಮೇ 12, ಗುರುವಾರ

ಮರಗೆಣಸು ಒಣಗಿಸಲು ಗ್ಯಾಸಿನ ಬೆಂಕಿಯ ಹತ್ತಿರ ಹೋಗಿದ್ದೆ. ಕಂಪನಿಯವರು ಕೊಳವೆಯ ಬಾಯಿಗೆ ಹಚ್ಚಿಟ್ಟ ಬೆಂಕಿ ಅದು, ಬಾರಿಸುವಾಳ ತಾಯಿ ಎಳೆಗೂಸಾಗಿದ್ದಾಗಿನಿಂದ ಆರಿಲ್ಲ. ಆ ತಾಯಿ ಜ್ವರಕ್ಕೆ ಹೋದಳು, ಬೆಂಕಿ ಉಳಿದಿದೆ. ನಮ್ಮೂರ ಮಕ್ಕಳಿಗೆ ಕತ್ತಲು ಎಂದರೆ ಕಣ್ಣು ಮುಚ್ಚಿದಾಗ ಕಾಣುವುದು, ಅಷ್ಟೇ. ಆದರೆ ಮಳೆಗಾಲದಲ್ಲಿ ಮರಗೆಣಸಿನ ಹೋಳು ಒಣಗಲು ಬೇರೆ ಬಿಸಿಲೆಲ್ಲಿದೆ? ಮೊದಲು ಊರ ಹೆಂಗಸರೆಲ್ಲ ಅಲ್ಲೇ ಚಾಪೆ ಹಾಸುತ್ತಿದ್ದರು. ಈಗ ಆ ಬೆಂಕಿಯ ಬಿಸಿ ಮುಟ್ಟುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದಾರೆ. ನಾನು ಹಾಕಿಲ್ಲ. ಒಬ್ಬಳೇ ಹೋಗಿ ಇಡೀ ಜಾಗ ಹರಡಿಕೊಂಡು ಒಣಗಿಸಿದೆ.

ಬರುವಾಗ ಲೆಡೂಮ್ ಬೇಲಿ ಹತ್ತಿರ ನಿಂತಿದ್ದಳು. ಕಾದೇ ನಿಂತಿರಬೇಕು.

"ಏನ್ ಸಿರಾ, ಮೊಮ್ಮಗಳನ್ನ ಹಿಡ್ಕೊಂಡೋದವ್ರ ಒಲೇಲೇ ಬೇಯಿಸ್ಕೊಂಡು ಉಣ್ತೀಯಲ್ಲ, ಗಂಟ್ಲಲ್ಲಿ ಇಳೀತದಾ?"

"ಇಳೀತದೆ. ನಿನ್ನ ಗೆಣಸಿಗೆ ಬೂಷ್ಟು ಬಂದೈತಲ್ಲ, ಮೊದ್ಲು ಅದನ್ನ ನೋಡ್ಕೋ."

ಮನೆಗೆ ಬಂದು ಉಂಡೆ. ಅರ್ಧ ಉಳಿಸಿದೆ. ಉಪ್ಪು ಹೆಚ್ಚಾಗಿತ್ತು.

ಮೇ 19, ಗುರುವಾರ

ಹೊಲಕ್ಕೆ ಹೋಗಲು ಈಗ ಚೀಟಿ ಬೇಕು. ಊರಿನ ಮೂರು ದಾರಿಗೂ ಸಿಪಾಯಿಗಳು ಮರದ ದಿಮ್ಮಿ ಅಡ್ಡ ಹಾಕಿದ್ದಾರೆ. ನಾಲ್ಕನೆಯದು ತೊರೆ. ಅದರಲ್ಲಿ ಬೆರಳುದ್ದ ಎಣ್ಣೆ ನಿಂತಿದೆ, ದೋಣಿ ಹುಟ್ಟು ಎತ್ತಿದರೆ ನೀರು ತೊಟ್ಟಿಕ್ಕುವುದಿಲ್ಲ, ಜೋತು ಬೀಳುತ್ತದೆ. ಬೋನಿನಲ್ಲಿ ಸಿಕ್ಕ ಇಲಿ ಕೂಡ ನಾಲ್ಕು ಮೂಲೆ ಮೂಸಿ ನೋಡುತ್ತದಂತೆ. ನಾವು ಮೂಸುವುದೂ ಬೇಡ, ವಾಸನೆ ತಾನೇ ಮನೆಗೆ ಬರುತ್ತದೆ.

ನನ್ನ ಹೊಲ ನೋಡಿದೆ. ಕೊಳವೆ ಹಾದುಹೋದ ಕಡೆ ಮೊಣಕಾಲೆತ್ತರದ ಕರಿ ಕೆಸರು. ತೊರೆಯಂಚಿನ ಕಾಂಡ್ಲಾ ಮರಗಳ ಬೇರುಗಳಲ್ಲಿ ಬಸವನಹುಳುಗಳು ಬಾಯಿ ತೆರೆದು ಸತ್ತಿವೆ. ಕೊಳವೆ ಒಡೆದ ಜಾಗವನ್ನು ಉಗುರಿನಿಂದ ಕೆರೆದೆ. ಕಬ್ಬಿಣ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಊರಿನವರೇ ಕಡಿದರೆಂದು ಸಿಪಾಯಿಗಳು ಹೇಳುತ್ತಾರೆ, ಇದನ್ನು ಯಾರೂ ಕಡಿಯಬೇಕಿರಲಿಲ್ಲ.

ಮೇ 30, ಸೋಮವಾರ

ಕ್ಯಾಪ್ಟನ್ ಕರೆಸಿದ. ಬಾರಿಸುವಾ ಪಾಠ ಹೇಳುತ್ತಿದ್ದ ಶಾಲೆಯೇ ಈಗ ಅವರ ಶಿಬಿರ. ಕಪ್ಪುಹಲಗೆಯ ಮೇಲೆ ಅವಳ ಅಕ್ಷರ ಇನ್ನೂ ಇತ್ತು, ಮೇಲೆ ಯಾರದೋ ಒದ್ದೆ ಅಂಗಿ ಒಣಹಾಕಿದ್ದರು.

ಕ್ಯಾಪ್ಟನ್ ದೂರದ ನಾಡಿನವನು, ನಮ್ಮ ಮಾತು ಬಾರದು. ನಮ್ಮ ಮಾತು ಬಲ್ಲ ಒಬ್ಬ ಕಾರ್ಪೊರಲ್ ಅವನು ಹೇಳಿದ್ದನ್ನು ತಿಳಿಸಿದ.

"ಸಾಹೇಬ್ರು ಕೇಳ್ತಾರೆ, ಕೊಳವೆ ಒಡೆದಿರೋ ಹೊಲ ನಿಂದೇ ಅಲ್ವಾ ಅಜ್ಜಿ?"

"ನಮ್ಮಪ್ಪಂದು. ನಾನು ಕಾಯ್ತೀನಿ."

"ಈ ಕಾಗದದಲ್ಲಿ ಒಂದು ಹೆಬ್ಬೆಟ್ಟು ಒತ್ತು. ಊರಿನ ಹುಡುಗ್ರು ಕೊಳವೆ ಕಡಿದದ್ದನ್ನ ಕಣ್ಣಾರೆ ಕಂಡೆ, ಕಂಪನಿ ಹೊಲದಲ್ಲಿ ಕೆಲಸ ಮುಂದುವರಿಸೋದಕ್ಕೆ ನಂದೇನೂ ತಕರಾರಿಲ್ಲ ಅಂತ ಬರ್ದೈತೆ. ಒತ್ತಿದ ವಾರದಲ್ಲೇ ನಿನ್ ಮೊಮ್ಮಗಳು ಮನೇಲಿರ್ತಾಳೆ."

"ಉಳಿದವ್ರು?"

ಕಾರ್ಪೊರಲ್ ಅದನ್ನು ಕ್ಯಾಪ್ಟನನಿಗೆ ಹೇಳಲೇ ಇಲ್ಲ. ತಾನೇ ತಲೆ ತಗ್ಗಿಸಿ, "ಕಡಿದವ್ರು ಯಾರಾದ್ರೂ ಬೇಕಲ್ಲ ಅಜ್ಜಿ" ಎಂದ.

ಜೂನ್ ಹದಿನಾಲ್ಕರವರೆಗೆ ಸಮಯ ಕೊಟ್ಟಿದ್ದಾರೆ.

ಮೇ 31

ಹೆಬ್ಬೆಟ್ಟು ಹಾಕಿದರೆ ಬಾರಿಸುವಾ ಮನೆಗೆ. ಡೀಕೊರ್ ಮತ್ತು ಮೂವರು ಎಲ್ಲಿಗೋ ದೇವರೇ ಬಲ್ಲ. ಹಾಕದಿದ್ದರೆ ಐವರೂ ಅಲ್ಲೇ.

ಲೆಕ್ಕದ ಪುಸ್ತಕದಲ್ಲಿ ಇಂಥ ಲೆಕ್ಕ ಇಲ್ಲ.

ಜೂನ್ 5, ಭಾನುವಾರ

ಇದನ್ನು ಬರೆದು ಹಾಳೆ ಹರಿಯಬೇಕೆಂದಿದ್ದೇನೆ.

ನಾನು ಮನೆಯ ಮೊದಲ ಮಗಳು, ಸಿರಾ. ನಮ್ಮಲ್ಲಿ ಮೊದಲ ಮಗಳನ್ನು ಮದುವೆ ಮಾಡಿ ಕಳಿಸುವುದಿಲ್ಲ. ಅವಳು ಅಪ್ಪನ ಅಂಗಳದಲ್ಲೇ ಇರುತ್ತಾಳೆ, ಹೆತ್ತ ಮಕ್ಕಳೂ ಅಪ್ಪನ ಮನೆಗೇ. ಮಿಷನ್ ಶಾಲೆಯಲ್ಲಿ ಮೂರನೆಯ ತರಗತಿ ಮುಗಿದ ದಿನ ಅಪ್ಪ ಹೇಳಿದ, "ಸಾಕು, ಮನೆ ಕಾಯೋಳಿಗೆ ಇಷ್ಟು ಅಕ್ಷರ ಸಾಕು." ಎಪ್ಪತ್ತೆರಡು ವರ್ಷ ವಯಸ್ಸಾಯಿತು, ಹುಟ್ಟಿದ ಅಂಗಳ ದಾಟಿಲ್ಲ. ಸಿಪಾಯಿಗಳು ನನಗೆ ಹೊಸದಾಗಿ ಬೇಲಿ ಹಾಕಬೇಕಿಲ್ಲ.

ಮೂವತ್ತಾರು ವರ್ಷದ ಹಿಂದೆ, ಕಂಪನಿ ಬಂದ ವರ್ಷ, ಅಪ್ಪ ಹಾಸಿಗೆ ಹಿಡಿದಿದ್ದ. ಅಣ್ಣ ಮೀನು ಹಿಡಿಯಲು ದೂರ ಹೋಗಿದ್ದ. ಕಂಪನಿಯ ಒಬ್ಬ ಬಿಳಿಯ, ಅವನ ಮಾತನ್ನು ನಮ್ಮ ಮಾತಿಗೆ ತಿರುಗಿಸುವವನು ಒಬ್ಬ ಅಂಗಳಕ್ಕೆ ಬಂದರು. ಹೊಲದಲ್ಲಿ ದಾರಿ ಕೇಳಿದರು. ನಮ್ಮಲ್ಲಿ ದಾರಿ ಕೇಳಿದವರಿಗೆ ಇಲ್ಲ ಎನ್ನುವುದುಂಟೇ? ಹಾಗೆ ಅಂದ ಮನೆಯ ಬಾವಿ ಬತ್ತುತ್ತದೆ ಎನ್ನುತ್ತಾರೆ. ನಾನೇ ತಾಳೆಯ ಸಾರಾಯಿ ತಂದು ನೆಲಕ್ಕೆ ಹೊಯ್ದೆ, ಉಳಿದದ್ದನ್ನು ಬಿಳಿಯನಿಗೆ ಕೊಟ್ಟೆ. ಅವನು ಮುಖ ಕಿವುಚಿ ಕುಡಿದ. ಕುಡಿದನೆಂದರೆ ಒಪ್ಪಿದನೆಂದೇ ಅರ್ಥ. ಹಾಗೆ ಕೊಟ್ಟ ದಾರಿ ಹೆಗ್ಗೆಣಸು ಕೀಳುವವರೆಗೆ. ಸುಗ್ಗಿ ಆದಮೇಲೆ ಬಂದವನು ಹೊರಡಬೇಕು, ಇಲ್ಲವೇ ಮತ್ತೆ ಕೇಳಬೇಕು. ಇದು ಎಳೆಗೂಸಿಗೂ ಗೊತ್ತು. ಬಿಳಿಯನಿಗೂ ಗೊತ್ತಿರುತ್ತದೆಂದು ತಿಳಿದೆ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಗೆಣಸು ಕಿತ್ತೆವು. ಅವರು ಹೋಗಲಿಲ್ಲ. ಕೊಳವೆ ಬಂತು.

ಊರು ಬಂದು ಯಾರು ದಾರಿ ಕೊಟ್ಟವರು ಎಂದು ಕೇಳಿದಾಗ ಅಣ್ಣನ ಕಡೆ ನೋಡಿದೆ. ಅಣ್ಣ ನನ್ನ ಕಡೆ ನೋಡಿದ, ಸುಮ್ಮನಾದ. ಅವನು ಸಾಯುವವರೆಗೂ ಜನ ಅವನನ್ನು ಸಾರಾಯಿಗೆ ನೆಲ ಮಾರಿದವನು ಎಂದರು. ನಾನು ಬೀದಿಯಲ್ಲಿ ನಿಂತು ಅವರಿಗೆಲ್ಲ ಬೈದೆ, ಗಂಟಲು ಹರಿಯುವಂತೆ ಬೈದೆ. ನಾನು ಎಂದು ಮಾತ್ರ ಹೇಳಲಿಲ್ಲ.

ಕೊಟ್ಟ ದಾರಿ ಮುಚ್ಚಬಹುದು. ತಾಳೆಸುಳಿ, ಅಂದರೆ ತಾಳೆಯ ಇನ್ನೂ ಬಿಚ್ಚದ ಎಳೆಗರಿ, ಅಡ್ಡ ಕಟ್ಟಬೇಕು. ಆದರೆ ಕೊಟ್ಟ ಕೈಯೇ ಕಟ್ಟಬೇಕು.

ಹಾಳೆ ಹರಿಯಲಿಲ್ಲ. ಹರಿದರೆ ಹೊಲಿಗೆಯ ಆಚೆಯ ಜೋಡಿ ಹಾಳೆಯೂ ಕಳಚುತ್ತದೆ, ಅದರಲ್ಲಿ ಅವಳ ಮಗ್ಗಿ ಇದೆ.

ಜೂನ್ 8

ಲೆಡೂಮ್ ಬಂದಳು. ಕೈಯಲ್ಲಿ ಎರಡು ಹೊಗೆ ಹಾಕಿದ ಮೀನು, ಎಲ್ಲಿಂದ ತಂದಳೋ. ನಮ್ಮ ತೊರೆಯದಂತೂ ಅಲ್ಲ.

"ಕಾಗದದ ಸುದ್ದಿ ಊರಿಗೆಲ್ಲ ಗೊತ್ತು" ಎಂದಳು.

"ಗೊತ್ತಿದ್ರೆ ಮೀನ್ ಯಾಕೆ ತಂದೆ? ಲಂಚವಾ?"

"ಥೂ ನಿನ್ ಬಾಯಿಗೆ! ಒಬ್ಳೇ ಬೇಯಿಸ್ಕೊಳ್ತೀಯ ಅಂತ ತಂದೆ. ನಾನೇನೂ ಕೇಳಕ್ಕೆ ಬಂದಿಲ್ಲ."

"ಮತ್ತೆ?"

ಅವಳು ಒಲೆಯ ಕೊಳ್ಳಿ ಒಳಗೆ ತಳ್ಳಿದಳು. "ನಾನು ನಿನ್ ಜಾಗದಲ್ಲಿದ್ದಿದ್ರೆ ಹಾಕ್ತಿದ್ದೆ ಸಿರಾ. ಮೊದಲ್ನೇ ದಿನಾನೇ ಹಾಕ್ತಿದ್ದೆ. ಅದನ್ನ ಹೇಳಿ ಹೋಗಣ ಅಂತ ಬಂದೆ."

ನಲವತ್ತು ವರ್ಷದಿಂದ ಜಗಳವಾಡಿಕೊಂಡು ಬಂದವಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೀನಿನಲ್ಲಿ ಮುಳ್ಳು ಜಾಸ್ತಿ. ಬೆಂಕಿಯ ಹತ್ತಿರ ಒಣಗಿಸಲು ಹೋಗಿ ನಾಲ್ಕು ವಾರವಾಯಿತು. ಮಂಡಿ ನೋವು.

ಜೂನ್ 10, ಶುಕ್ರವಾರ

ಶಿಬಿರದಲ್ಲಿ ಬಾರಿಸುವಾಳನ್ನು ತೋರಿಸಿದರು. ಒಂದು ಸಿಗರೇಟು ಸೇದಿ ಮುಗಿಸುವಷ್ಟು ಹೊತ್ತು. ಸಿಪಾಯಿ ಹತ್ತಿರವೇ ನಿಂತು ಸೇದುತ್ತಿದ್ದ, ಅದಕ್ಕೆ ಲೆಕ್ಕ ಗೊತ್ತಾಯಿತು.

ಮುಂದಿನ ಒಂದು ಹಲ್ಲು ಇಲ್ಲ. ನಾನು ನೋಡಿದ್ದು ಕಂಡು ಬಾಯಿ ಮುಚ್ಚಿಕೊಂಡಳು. ಆಮೇಲೆ ಮುಚ್ಚದೆ ನಕ್ಕಳು.

"ಅಜ್ಜಿ, ಗೆಣಸಿನ ಬಳ್ಳಿಗೆ ಕೋಲು ಕೊಟ್ಟೆಯಾ?"

"ನೀನಿಲ್ದೆ ಬಳ್ಳಿ ನಿಂತೋಗುತ್ತೇನೇ? ಕೊಟ್ಟೆ. ತಲೆ ಬಾಚ್ಕೊಂಡಿಲ್ಲ ಯಾಕೆ? ಭೂತದಂಗೆ ಕಾಣ್ತೀಯ."

"ಬಾಚಣಿಗೆ ಕೊಡಲ್ಲ."

"ಬೆರಳಿಲ್ವಾ?"

ಬೆರಳು ತೋರಿಸಿದಳು. ಎರಡು ಊದಿಕೊಂಡಿದ್ದವು. ಕಾಗದದ ಮಾತು ಎತ್ತಲಿಲ್ಲ ನಾನು. ಎತ್ತಿದ್ದರೆ ಅವಳು ಒಂದು ಮಾತು ಹೇಳುತ್ತಿದ್ದಳು, ಆ ಮಾತು ನನಗೆ ಬೇಡವಾಗಿತ್ತು.

ಜೂನ್ 13, ಸೋಮವಾರ

ನಾಳೆ ಹಾಕುತ್ತೇನೆ. ಮುಗಿಯಿತು. ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಡೀಕೊರನಿಗೆ ಅವನ ತಾಯಿ ಇದ್ದಾಳೆ, ಈ ಹುಡುಗಿಗೆ ಯಾರಿದ್ದಾರೆ? ಮೂವತ್ತಾರು ವರ್ಷ ಒಂದು ಸುಳ್ಳು ಹೊತ್ತಿದ್ದೇನೆ, ಇನ್ನೊಂದು ಹೊತ್ತರೆ ಸೊಂಟ ಮುರಿಯುವುದಿಲ್ಲ.

ಅವಳ ಹಾಸಿಗೆ ಕೊಡವಿ ಹಾಸಿದೆ. ಬಾಚಣಿಗೆ ಹುಡುಕಿ ಇಟ್ಟೆ.

ಜೂನ್ 14, ಮಂಗಳವಾರ

ನನ್ನ ಒಳ್ಳೆಯ ಸುತ್ತುಬಟ್ಟೆ ಉಟ್ಟುಕೊಂಡು ಹೋದೆ. ಮೇಜಿನ ಮೇಲೆ ಕಾಗದ, ಪಕ್ಕದಲ್ಲಿ ಶಾಯಿಯ ಡಬ್ಬಿ. ಕಾರ್ಪೊರಲ್ ನನ್ನ ಹೆಬ್ಬೆರಳು ಹಿಡಿಯಲು ಕೈ ಚಾಚಿದ.

"ಬಿಡಪ್ಪ. ನಂಗೆ ಬರೆಯೋಕೆ ಬರ್ತದೆ. ಪೆನ್ನು ಕೊಡು."

ಕ್ಯಾಪ್ಟನ್ ನಕ್ಕ. ತನ್ನ ಪೆನ್ನನ್ನೇ ಕೊಟ್ಟ. ಹೆಸರು ಬರೆಯಬೇಕೆಂದೇ ಕೈ ಇಟ್ಟೆ, ದೇವರಾಣೆ. ಎದುರಿಗೆ ಕಪ್ಪುಹಲಗೆ ಇತ್ತು. ಯಾರೋ ಅಂಗಿ ತೆಗೆದಿದ್ದರು. ಅವಳ ದುಂಡು ಅಕ್ಷರದಲ್ಲಿ ಒಂದು ಸಾಲು: ನಿಮ್ಮ ಊರಿನ ಬಗ್ಗೆ ಐದು ವಾಕ್ಯ ಬರೆಯಿರಿ.

ಬರೆದೆ. ನಮ್ಮ ಮಾತಿನಲ್ಲೇ ಬರೆದೆ. *ದಾರಿ ಕೊಟ್ಟವಳು ನಾನು. ಕೊಟ್ಟದ್ದು ಗೆಣಸು ಕೀಳುವವರೆಗೆ. ಮೂವತ್ತಾರು ಸಲ ಕಿತ್ತಾಯಿತು. ಕೊಳವೆಯನ್ನು ಯಾರೂ ಕಡಿದಿಲ್ಲ, ತುಕ್ಕು ತಿಂದಿದೆ. ದಾರಿ ಮುಚ್ಚಿದ್ದೇನೆ.*

"ನಿನ್ ಹೆಸರು ಇಷ್ಟುದ್ದ ಐತಾ ಅಜ್ಜಿ?" ಕಾರ್ಪೊರಲ್ ಕೇಳಿದ. ಅವನಿಗೆ ನಮ್ಮ ಮಾತು ಬರುತ್ತದೆ, ಬರಹ ಬಾರದು.

"ಮೊದಲ್ನೇ ಮಗಳು. ಅಪ್ಪ ಉದ್ದದ್ದೇ ಇಟ್ಟಿದ್ದ."

ಕ್ಯಾಪ್ಟನ್ ಕೈ ಕುಲುಕಿದ. ಶನಿವಾರ ಮೊಮ್ಮಗಳು ಬರುತ್ತಾಳೆ ಎಂದ. ನಮ್ಮ ಬರಹ ಓದಬಲ್ಲ ಗುಮಾಸ್ತ ಪಟ್ಟಣದಿಂದ ಬರುವುದು ಶುಕ್ರವಾರ.

ಮನೆಗೆ ಬಂದು ಆ ಹಾಸಿಗೆಯ ಮೇಲೆ ಕೂತೆ. ಏನು ಮಾಡಿಬಂದೆ ನಾನು?

ಜೂನ್ 15, ಬುಧವಾರ

ಕಾಗದದಲ್ಲಿ ಮುಚ್ಚಿದ್ದೇನೆ ಎಂದು ಬರೆದಾಯಿತು. ಬರೆದದ್ದು ಸುಳ್ಳಾಗಬಾರದಲ್ಲ. ಬೆಳಗ್ಗೆ ತಾಳೆಸುಳಿ ಕಡಿಸಿಕೊಂಡು ಹೊಲಕ್ಕೆ ಹೋದೆ. ಕೊಳವೆಗೆ ಸುತ್ತಿ ಕಟ್ಟಿದೆ. ಎಣ್ಣೆಗೆ ಕೈ ಜಾರುತ್ತದೆ, ಗಂಟು ನಿಲ್ಲುವುದಿಲ್ಲ.

ಹಿಂದೆ ಲೆಡೂಮ್ ನಿಂತಿದ್ದಳು.

"ಅದನ್ನ ಕೊಟ್ಟ ಕೈಯೇ ಕಟ್ಬೇಕು ಸಿರಾ. ನಿಮ್ಮಣ್ಣ ಸತ್ತು ಹದಿನೇಳು ವರ್ಷ ಆಯ್ತು."

"ಕೊಟ್ಟ ಕೈಯೇ ಇದು."

ಅವಳು ನನ್ನ ಕೈ ನೋಡಿದಳು. ಆಮೇಲೆ ಮುಖ ನೋಡಿದಳು. ಉಗಿಯುತ್ತಾಳೆ ಎಂದುಕೊಂಡೆ. ಉಗಿಯಲೆಂದು ಕಾದೆ. ಅವಳ ಗಂಡ ಈ ತೊರೆಯ ಮೀನು ಹೋದ ಮೇಲೆ ಊರು ಬಿಟ್ಟವನು, ಮತ್ತೆ ಬಂದಿಲ್ಲ.

"ನಿಮ್ಮಣ್ಣ ಮಾತೇ ಆಡ್ದೆ ಸತ್ತನಲ್ಲೇ" ಎಂದಳು. ಅಷ್ಟೇ. ಆಮೇಲೆ ಕೆಸರಿಗಿಳಿದು, "ನೀನು ಕಟ್ಟಿದ್ದು ಸಡಿಲ ಐತೆ. ಈ ಕಡೆ ಹಿಡ್ಕೋ" ಎಂದು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

ಜೂನ್ 18, ಶನಿವಾರ

ಬಾರಿಸುವಾ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಬಾಗಿಲಲ್ಲಿ ಕೂತಿದ್ದೆ.

ಇನ್ನೊಂದು ವಿಷಯ. ನಾನು ಕಟ್ಟಿದ್ದು ಒಂದು ತಾಳೆಸುಳಿ. ಇವತ್ತು ನೋಡಿದರೆ ತೊರೆಯಿಂದ ಕಂಪನಿಯ ಬೇಲಿಯವರೆಗೆ ಕೊಳವೆಯ ಉದ್ದಕ್ಕೂ ಸುಳಿಗಳು. ಯಾರು ಹೇಳಿದರು ಇವರಿಗೆ? ಕೊಟ್ಟ ಕೈಯೇ ಕಟ್ಟಬೇಕೆಂಬ ಕಟ್ಟಳೆ ಇವರಿಗಿಲ್ಲವೇ? ಕೇಳಿದರೆ, "ನೀನು ಕಟ್ಟಿದ್ಮೇಲೆ ಮುಚ್ಚೈತೆ ಸಿರಾ, ನಾವು ಬೀಗ ಅಲ್ಲಾಡಿಸಿ ನೋಡಿದ್ವಿ ಅಷ್ಟೇ" ಎನ್ನುತ್ತಾರೆ. ಬಾಯಿ ಬಹಳವಾಗಿದೆ ಈ ಊರಿನ ಹೆಂಗಸರಿಗೆ.

ಜೂನ್ 22, ಬುಧವಾರ

ಗುಮಾಸ್ತ ಓದಿದ್ದಾನೆ.

ಸಿಪಾಯಿಗಳು ಬೆಳಗ್ಗೆಯೇ ಬಂದರು. ಸುಳಿಗಳನ್ನು ಕತ್ತರಿಸಲು ಹೇಳಿದಾಗ ಇಬ್ಬರು ಸಿಪಾಯಿಗಳು ಕೈ ಕಟ್ಟಿ ನಿಂತರಂತೆ. ನಮ್ಮ ಕಡೆಯ ನೀರು ಕುಡಿದ ಮಕ್ಕಳಿರಬೇಕು. ಉಳಿದವರು ಕತ್ತರಿಸಿದರು. ನನ್ನ ಗೆಣಸಿನ ಕಣಜಕ್ಕೆ ಬೆಂಕಿ ಹಾಕಿದರು. ಬಿತ್ತನೆಗಿಟ್ಟದ್ದೂ ಹೋಯಿತು. ಮಳೆಯಲ್ಲಿಯೂ ಚೆನ್ನಾಗಿ ಉರಿಯಿತು.

ಕಾರ್ಪೊರಲ್ ಹೇಳಿದ, ಬಾರಿಸುವಾಳನ್ನು ಪಟ್ಟಣದ ಜೈಲಿಗೆ ಕಳಿಸಿದ್ದಾರೆ. ಡೀಕೊರನನ್ನೂ, ಉಳಿದ ಮೂವರನ್ನೂ. "ಯಾಕಜ್ಜಿ ಹಿಂಗ್ ಮಾಡ್ದೆ? ಮನೇಲಿರ್ತಿದ್ಳಲ್ಲ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಹೊಗೆಯೋ ಏನೋ. ನಾನು ಗಡಿಗೆ ಎತ್ತಿಕೊಂಡು ಕಣಜದ ಕಿಡಿಗೆ ನೀರು ಹೊಯ್ದೆ.

ಜೂನ್ 23

ಮಳೆ.

ಜೂನ್ 27

ಬಾಚಣಿಗೆ ಕಪಾಟಿನೊಳಗೆ ಇಟ್ಟೆ. ಮತ್ತೆ ಹೊರಗೆ ಇಟ್ಟೆ.

ಜುಲೈ 11, ಸೋಮವಾರ

ದಿನವೂ ಬೆಳಗ್ಗೆ ಶಿಬಿರದ ಎದುರು ಹೋಗಿ ಕೂರುತ್ತಿದ್ದೇನೆ. ಮನೆಯಲ್ಲಿ ಕೂತರೂ ಕೂರುವುದೇ, ಅಲ್ಲಿ ಗಾಳಿಯಾದರೂ ಇದೆ. ನಾನು ಕೂತಲ್ಲಿ ಲೆಡೂಮ್ ಬಂದು ಕೂರುತ್ತಾಳೆ. ಅವಳು ಕೂತಲ್ಲಿ ಉಳಿದವರು. ಇವತ್ತು ಎಣಿಸಿದೆ, ಎಪ್ಪತ್ತು ದಾಟಿತ್ತು. ಹೋಗಿ ಕೆಲಸ ನೋಡಿಕೊಳ್ಳಿ ಎಂದರೆ ಕೇಳುವುದಿಲ್ಲ. ಸಿಪಾಯಿಗಳು ಗಾಳಿಗೆ ಗುಂಡು ಹಾರಿಸಿದರು. ಚಿಕ್ಕ ಹುಡುಗಿಯರು ಏಳಲು ಹೋದಾಗ, "ಕೂತ್ಕೊಳ್ರೇ, ಕಾಗೆ ಓಡಿಸ್ತಾವ್ರೆ" ಎಂದೆ. ಕೂತರು.

ನೊಣ ಬಹಳ. ಒಂದು ಹಸಿರು ಕೊಂಬೆ ಮುರಿದುಕೊಂಡು ಹೋಗುತ್ತೇನೆ, ಓಡಿಸಲು.

ಆಗಸ್ಟ್ 6, ಶನಿವಾರ

ಪಾದ್ರಿಯ ಹೆಂಡತಿ ತಿಂಗಳಿಗೆ ಎರಡು ಸಲ ಪಟ್ಟಣದ ಜೈಲಿಗೆ ಹೋಗುತ್ತಾಳೆ. ನಾಳೆ ಒಮ್ಮೆ, ತಿಂಗಳ ಕೊನೆಯಲ್ಲಿ ಇನ್ನೊಮ್ಮೆ. ಭಜನೆಯ ಪುಸ್ತಕಗಳ ನಡುವೆ ಇದನ್ನು ಇಟ್ಟುಕೊಂಡು ಹೋಗುತ್ತೇನೆಂದಿದ್ದಾಳೆ.

ಬಾರಿಸುವಾ, ಮೊದಲ ಪುಟದಲ್ಲಿ ಬೈದದ್ದು ನಿನಗಲ್ಲ. ನೀನು ಓದು. ಎಲ್ಲ ಓದು, ಜೂನ್ ಐದರದ್ದನ್ನೂ ಓದು, ಹದಿಮೂರರದ್ದನ್ನೂ ಬಿಡಬೇಡ. ನಿನ್ನನ್ನು ಮನೆಗೆ ತರುವ ಕಾಗದ ನನ್ನ ಕೈಗೆ ಬಂದಿತ್ತು. ನಾನು ತರಲಿಲ್ಲ. ನಿನ್ನನ್ನು ಕೇಳಲೂ ಇಲ್ಲ. ಹತ್ತಿರವೇ ನಿಂತಿದ್ದೆ, ತಲೆ ಬಾಚಿಕೊಂಡಿಲ್ಲ ಎಂದು ಬೈದು ಬಂದೆ.

ಇವತ್ತು ಗೆಣಸು ಕಿತ್ತೆ. ಕಣಜ ಸುಟ್ಟರೂ ನೆಲದಲ್ಲಿದ್ದದ್ದು ಇತ್ತು. ಕೊಳವೆಯ ಆಚೆ ಬದಿಯದೆಲ್ಲ ಕೊಳೆತಿದೆ. ಈಚೆ ಬದಿಯಲ್ಲಿ ಹನ್ನೊಂದು ಗೆಡ್ಡೆ, ಒಂದು ನನ್ನ ತೊಡೆಯಷ್ಟು ದಪ್ಪ. ಅದನ್ನು ಬೇಯಿಸಿಲ್ಲ. ಸುಳಿ ಮತ್ತೆ ಕಟ್ಟಿದ್ದೇವೆ, ಅವರು ಮತ್ತೆ ಕತ್ತರಿಸಿದ್ದಾರೆ, ನಾವು ಮತ್ತೆ ಕಟ್ಟಿದ್ದೇವೆ. ಲೆಡೂಮಳ ಗಂಟು ಬಿಚ್ಚಲು ಅವರಿಗೆ ಅರ್ಧ ದಿನ ಬೇಕು.

ಕೊನೆಯಲ್ಲಿ ನಾಲ್ಕು ಹಾಳೆ ಖಾಲಿ ಬಿಟ್ಟಿದ್ದೇನೆ, ಸಣ್ಣ ಅಕ್ಷರದಲ್ಲಿ ಬರೆ. ಬೆರಳು ನೋಯುತ್ತಿದ್ದರೆ ಎಡಗೈಯಲ್ಲಿ ಬರೆ. ನನಗೆ ಸಮಾಧಾನ ಹೇಳಬೇಡ, ನಗಿಸಲೂ ಬೇಡ, ನಿನ್ನ ಆಟ ನನಗೆ ಗೊತ್ತು. ಬೈಯುವುದಿದ್ದರೆ ಬೈದು ಬರೆ, ನಾಲ್ಕೂ ಹಾಳೆ ಬೈ. ಆದರೆ ಇದೊಂದಕ್ಕೆ ನೇರವಾಗಿ ಉತ್ತರ ಕೊಡು: ಆ ಪೆನ್ನು ನಿನ್ನ ಕೈಗೆ ಕೊಟ್ಟಿದ್ದರೆ ನೀನು ಏನು ಬರೆಯುತ್ತಿದ್ದೆ? ಸುಮ್ಮನಿರಬೇಡ. ಈ ಮನೆಯಲ್ಲಿ ಒಬ್ಬ ಸುಮ್ಮನಿದ್ದೇ ಸತ್ತ, ಅದು ಸಾಕು.

ಸೆಪ್ಟೆಂಬರ್ ಹುಟ್ಟುವ ಮೊದಲು ಈ ಪುಸ್ತಕ ನನ್ನ ಕೈಯಲ್ಲಿರಬೇಕು. ತಲೆ ಬಾಚಿಕೊಂಡು ಕೂತು, ಬರೆ.